ಗೆರೆ ಯಾರ ಹೊಸ್ತಿಲ ಮೇಲೆ ಬಿದ್ದಿದೆ, ಒಮ್ಮೆ ನೋಡಿ

ಆಂಧ್ರದ ಗಡಿಸೀಮೆಯ ರಾಯದುರ್ಗದ ಕೋಟೆಗುಡ್ಡದ ಬುಡದ ಓಣಿಗಳಲ್ಲಿ ಬೆಳಗಿನ ಹೊತ್ತು ನೀವು ಎಂದಾದರೂ ನಡೆದಿದ್ದರೆ ಆ ಸದ್ದು ನಿಮ್ಮ ಕಿವಿಯಲ್ಲಿ ಇನ್ನೂ ಉಳಿದಿರಬೇಕು. ಹೊಸ್ತಿಲ ಮುಂದಿನ ರಂಗೋಲಿ ಇನ್ನೂ ಹಸಿಯಾಗಿದೆ, ಒಲೆಯ ಮೇಲೆ ಎಸರು ಕುದಿಯುತ್ತಿದೆ, ನಡುಮನೆಯಲ್ಲಿ ಆಗಲೇ ಹೊಲಿಗೆ ಯಂತ್ರ ಓಡತೊಡಗಿದೆ. ಒಂದು ಮನೆಯಲ್ಲಿ ಜೇಬು, ಪಕ್ಕದ ಮನೆಯಲ್ಲಿ ಸೊಂಟಪಟ್ಟಿ, ಅದರಾಚೆಯ ಮನೆಯಲ್ಲಿ ಕಾಜಾ ಗುಂಡಿ. ಪೀಸಿನ ಲೆಕ್ಕಕ್ಕೆ ದುಡಿಯುವ ಆ ಕೈಗಳ ಕೆಳಗೆ ಹಾದುಬಂದ ಜೀನ್ಸ್ ಪ್ಯಾಂಟು ಬಳ್ಳಾರಿಯ ಗೋದಾಮಿಗೆ ಹೋಗಿ, ಅಲ್ಲಿಂದ ಯಾವುದೋ ಶಹರದ ಅಂಗಡಿಯಲ್ಲಿ ತೂಗಿ, ಒಂದು ದಿನ ನಿಮ್ಮ ಮೈಮೇಲೆ ಬರುತ್ತದೆ. ಆ ಮನೆ ಮನೆಯೂ ಹೌದು, ಕಾರ್ಖಾನೆಯೂ ಹೌದು. ತೊಟ್ಟಿಲಿಗೂ ಯಂತ್ರಕ್ಕೂ ನಡುವೆ ಒಂದು ಗೋಡೆಯೂ ಇಲ್ಲ. ಅದರಲ್ಲಿ ತಪ್ಪೇನೂ ಇಲ್ಲ. ಅಜ್ಜ ಮಗ್ಗದ ಗುಂಡಿಯಲ್ಲಿ ಕೂತು ನೇಯ್ದ ಮನೆಯಲ್ಲಿ ಮೊಮ್ಮಗಳು ಯಂತ್ರದ ಮುಂದೆ ಕೂತು ಹೊಲಿಯುತ್ತಿದ್ದಾಳೆ. ಆ ಸದ್ದು ಓಣಿಯ ಉಸಿರು. ಅದು ನಿಂತ ದಿನ ಓಣಿಯ ಒಲೆಗಳೂ ನಿಲ್ಲುತ್ತವೆ.

ಆದರೆ ಹೊಲಿದ ಮಾತ್ರಕ್ಕೆ ಜೀನ್ಸ್ ಮುಗಿಯುವುದಿಲ್ಲ. ನಿಮಗೆ ಗೊತ್ತಿದೆ. ಒರಟು ಬಟ್ಟೆ ಮೆತ್ತಗಾಗಬೇಕು, ಕಡುನೀಲಿ ಮಾಸಬೇಕು, ಹೊಸದು ಹಳೆಯದರ ಹಾಗೆ ಕಾಣಬೇಕು. ಅದಕ್ಕೆ ವಾಷಿಂಗ್ ಬೇಕು, ಡೈಯಿಂಗ್ ಬೇಕು. ಬ್ಲೀಚಿನ ದ್ರಾವಣ, ಕಾಸ್ಟಿಕ್ ಸೋಡಾ, ಪೊಟ್ಯಾಸಿಯಂ ಪರ್ಮಾಂಗನೇಟ್, ಕುದಿಯುವ ನೀರು, ಬಾಯ್ಲರಿನ ಹೊಗೆ ಎಲ್ಲವೂ ಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಕೈಗಾರಿಕೆಗಳನ್ನು ಅವುಗಳ ಅಪಾಯ ನೋಡಿ ಕೆಂಪು, ಕಿತ್ತಳೆ, ಹಸಿರು, ಬಿಳಿ ಎಂದು ವಿಂಗಡಿಸಿದಾಗ ಬಟ್ಟೆಗೆ ಬಣ್ಣ ಹಾಕುವ, ಬ್ಲೀಚ್ ಮಾಡುವ ಕೆಲಸವನ್ನು ಕೆಂಪಿನ ಸಾಲಿನಲ್ಲಿ ಇಟ್ಟಿತು. ಹೊಲಿಗೆ ಎಂಬುದು ತಾಯಿ ತನ್ನ ಮಗುವಿನ ಪಕ್ಕ ಕೂತು ಮಾಡಬಹುದಾದ ಕೆಲಸ. ಬಣ್ಣದ ತೊಟ್ಟಿ ಯಾವ ಮಗುವಿನ ಹತ್ತಿರವೂ ಸುಳಿಯಬಾರದ ಕೆಲಸ. ಎರಡರ ನಡುವೆ ಇರಬೇಕಾದ ದೂರವನ್ನು ನೆಲದ ಮೇಲೆ ಗುರುತು ಮಾಡಿ ಹೇಳುವ ಗೆರೆಯೊಂದಿದೆ. ಆ ಗೆರೆ ಮಸುಕಾದ ಕಡೆ ನೀಲಿ ನೀರು ಚರಂಡಿಗೆ ಇಳಿಯುತ್ತದೆ, ಚರಂಡಿ ಹಳ್ಳಕ್ಕೆ ಇಳಿಯುತ್ತದೆ, ಹಳ್ಳ ಮೆಲ್ಲಗೆ ಬೋರಿನೊಳಕ್ಕೆ ಇಳಿಯುತ್ತದೆ. ಆಷಾಢದ ಗಾಳಿ ಎದ್ದರೆ ಹೊಲಿಯುತ್ತಿದ್ದ ಹೆಂಗಸು ಎದ್ದುಹೋಗಿ ಕಿಟಕಿ ಮುಚ್ಚುತ್ತಾಳೆ. ಮುಚ್ಚಿದರೆ ಧಗೆ, ತೆರೆದರೆ ಘಾಟು. ಆ ಗೆರೆಯನ್ನು ಕಾಯಬೇಕಾದವರು ಕಾಯದೆ ಹೋದಾಗ ಆಕೆಯ ಪಾಲಿಗೆ ಉಳಿಯುವುದು ಇಷ್ಟೇ.

ನಾನು ಇವತ್ತು ನಿಮ್ಮ ಮುಂದೆ ಬಂದು ನಿಂತಿರುವುದು ಆ ಗೆರೆಯ ಮಾತನ್ನು ಆಡುವುದಕ್ಕೆ.

ಪುರಸಭೆಯಲ್ಲೋ ನಗರಾಭಿವೃದ್ಧಿ ಪ್ರಾಧಿಕಾರದಲ್ಲೋ ಸುರುಳಿ ಸುತ್ತಿ ಇಡುವ ಮಾಸ್ಟರ್ ಪ್ಲಾನ್ ಎಂಬ ನಕ್ಷೆ ನಿಮಗೆ ಗೊತ್ತಿದೆ. ಸೈಟು ಕೊಳ್ಳುವಾಗ, ಲೇಔಟ್ ಮಾಡುವಾಗ, ಸಾಲಕ್ಕೆ ಕಾಗದ ಹೊಂದಿಸುವಾಗ ನಿಮ್ಮಲ್ಲಿ ಎಷ್ಟೋ ಮಂದಿ ಅದರ ಮೇಲೆ ಬೆರಳಾಡಿಸಿದ್ದೀರಿ. ಅದನ್ನು ಹಾಸಿದರೆ ಊರು ಬಣ್ಣಬಣ್ಣವಾಗಿ ಕಾಣುತ್ತದೆ. ನಮ್ಮ ದೇಶದ ಯೋಜಕರ ರೂಢಿಯಲ್ಲಿ ಹಳದಿ ಎಂದರೆ ಜನ ವಾಸಿಸುವ ಜಾಗ, ನೀಲಿ ಎಂದರೆ ವ್ಯಾಪಾರ, ನೇರಳೆ ಎಂದರೆ ಕೈಗಾರಿಕೆ, ಕೆಂಪು ಎಂದರೆ ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಜಾಗ, ಹಸಿರು ಎಂದರೆ ಬಯಲು, ಉದ್ಯಾನ. ಇದರ ಹಿಂದಿರುವ ವಿವೇಕ ನಮ್ಮ ಅವ್ವಂದಿರಿಗೆ ಯಾವ ಇಂಜಿನಿಯರೂ ಕಲಿಸಬೇಕಾದದ್ದಲ್ಲ: ಅಡುಗೆಮನೆ ಒಂದು ಕಡೆ, ಕೊಟ್ಟಿಗೆ ಒಂದು ಕಡೆ, ತಿಪ್ಪೆ ಹಿತ್ತಲಿನಾಚೆ. ಗಾಳಿ ಯಾವ ಕಡೆಯಿಂದ ಬೀಸುತ್ತದೆ, ನೀರು ಯಾವ ಕಡೆಗೆ ಹರಿಯುತ್ತದೆ ಎಂದು ನೋಡಿ ಮನೆ ಕಟ್ಟಿದ ಹಾಗೆ ಊರನ್ನೂ ಕಟ್ಟಬೇಕು ಎಂಬುದೇ ವಲಯ ವಿಂಗಡಣೆಯ ತಿರುಳು. ಕಾರ್ಖಾನೆ ಗಾಳಿಯ ಕೆಳಮಗ್ಗುಲಿಗಿರಲಿ, ಮನೆಗೂ ಅದಕ್ಕೂ ನಡುವೆ ಮರಗಳ ಹಸಿರು ಪಟ್ಟಿ ಇರಲಿ, ಲಾರಿಗಳು ಶಾಲೆಯ ಬೀದಿಯಲ್ಲಿ ಓಡದಿರಲಿ. ಸದ್ದಿಗೂ ಲೆಕ್ಕವಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಕೈಗಾರಿಕಾ ವಲಯದಲ್ಲಿ ರಾತ್ರಿ 70 ಡೆಸಿಬಲ್‌ವರೆಗೆ ಸದ್ದಿಗೆ ಅವಕಾಶ, ವಸತಿ ವಲಯದಲ್ಲಿ ಬರೀ 45. ಆ ಎರಡು ಅಂಕಿಗಳ ನಡುವೆ ಇರುವುದು ಒಂದು ಹಸುಗೂಸಿನ ನಿದ್ದೆ.

ನಕ್ಷೆಯಲ್ಲಿ ಒಂದು ಗೆರೆ ಒಂದು ನೂಲೆಳೆಯಷ್ಟು ಸರಿದರೆ ನೆಲದ ಮೇಲೆ ಒಂದು ಓಣಿಯೇ ಆಚೆಗೆ ಬೀಳುತ್ತದೆ. ಹಳದಿ ನೇರಳೆಯಾಗುತ್ತದೆ. ಮನೆ ಅಲ್ಲೇ ಇರುತ್ತದೆ, ತೊಟ್ಟಿಲು ಅಲ್ಲೇ ಇರುತ್ತದೆ, ಕಾನೂನಿನ ಕಣ್ಣಿಗೆ ಮಾತ್ರ ಅದು ಮನೆಗಳ ಜಾಗವಾಗಿ ಉಳಿಯುವುದಿಲ್ಲ. ಆದ್ದರಿಂದ ಕೇಳಿಕೊಳ್ಳುತ್ತೇನೆ: ಗೆರೆ ಯಾರ ಹೊಸ್ತಿಲ ಮೇಲೆ ಬಿದ್ದಿದೆ, ಒಮ್ಮೆ ನೋಡಿ.

ನಕ್ಷೆಗಳು ಬರುವ ಮೊದಲೂ ನಮ್ಮಲ್ಲಿ ಗೆರೆಗಳಿದ್ದವು. ಇದನ್ನು ಹೇಳುವಾಗ ನನ್ನ ದನಿ ತಗ್ಗುತ್ತದೆ. ಕುಂಬಾರಗೇರಿ, ಗಾಣಿಗರ ಬೀದಿ, ನೇಕಾರರ ಓಣಿ, ಪೇಟೆ ಎಂದು ಕಸುಬುಗಳು ಬೇರೆಬೇರೆ ಬೀದಿಗಳಲ್ಲಿ ನೆಲೆಸಿದ್ದವು. ಅದರ ಜೊತೆಗೇ ಇನ್ನೊಂದು ಗೆರೆ ಇತ್ತು. 'ಊರು ಕೇರಿ' ಎಂದು ನಾವು ಒಂದೇ ಉಸಿರಲ್ಲಿ ಜೋಡಿಸಿ ಹೇಳುತ್ತೇವೆ. ನೆಲದ ಮೇಲೆ ಅವೆರಡು ಎಂದೂ ಜೋಡಿಯಾಗಿರಲಿಲ್ಲ. ಚರ್ಮ ಹದಮಾಡುವ ತೊಟ್ಟಿ, ಸತ್ತ ದನದ ವಾಸನೆ, ಊರಿನ ಕೊಳಚೆ ಹರಿದುಹೋಗುವ ತಗ್ಗು, ಎಲ್ಲವೂ ಕೇರಿಯ ಪಾಲು. ಯಾರೂ ಕಾಗದದ ಮೇಲೆ ಬರೆಯದ ಆ ಗೆರೆ ಒಂದು ತಲೆಮಾರಿಗೂ ತಪ್ಪದೆ ಉಳಿದುಕೊಂಡು ಬಂತು. 1920ರಲ್ಲಿ, ರಾಯದುರ್ಗವೂ ಅದರ ಹಾಗೆಯೇ ಗಡಿಸೀಮೆಯ ಊರಾದ ಮಡಕಶಿರಾವೂ ಮದರಾಸು ಪ್ರಾಂತ್ಯದಲ್ಲಿದ್ದಾಗ, ಮದರಾಸು ನಗರ ಯೋಜನಾ ಕಾಯ್ದೆ ಬಂತು. ಊರನ್ನು ಹುಟ್ಟಿನ ಮೇಲಲ್ಲದೆ ಬಳಕೆಯ ಮೇಲೆ ವಿಂಗಡಿಸಬಹುದು ಎಂಬ ದಾರಿ ತೆರೆಯಿತು. ನೂರು ವರ್ಷ ದಾಟಿದೆ. ಇವತ್ತು ಹೊಸ ಶೆಡ್ಡುಗಳು ಎಲ್ಲಿ ಏಳುತ್ತವೆ? ಜಾಗ ಅಗ್ಗವಿರುವ ಕಡೆ. ಜಾಗ ಅಗ್ಗವಿರುವುದು ಎಲ್ಲಿ? ತಗ್ಗಿನಲ್ಲಿ, ಹಳ್ಳದ ದಂಡೆಯಲ್ಲಿ, ಹಳೆಯ ಕೇರಿಯ ಮಗ್ಗುಲಲ್ಲಿ, ಪಟ್ಟಾ ಇಲ್ಲದ ಗುಡಿಸಲುಗಳ ಬೆನ್ನಿಗೆ. ಹಳೆಯ ಗೆರೆಯನ್ನು ನೀವು ಮನಸ್ಸಿನಲ್ಲಿ ಎಂದೋ ಅಳಿಸಿದ್ದೀರಿ, ನಾನು ಬಲ್ಲೆ. ನಿಮ್ಮ ಮನಸ್ಸಿನಿಂದ ಅಳಿದದ್ದು ಹೊಸ ಬಣ್ಣ ಬಳಿದುಕೊಂಡು ನೆಲದ ಮೇಲೆ ಮತ್ತೆ ಮೂಡಬಾರದು ಎಂಬುದಷ್ಟೇ ನನ್ನ ಸಂಕಟ.

ಈ ಸೀಮೆಯ ಜನರಿಗೆ ಗೆರೆಯ ನೋವು ಹೊಸತಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯನ್ನು ಸೀಳಿದರು. ಬಳ್ಳಾರಿ, ಹೊಸಪೇಟೆ, ಕೂಡ್ಲಿಗಿ ಮೈಸೂರಿನ ಕಡೆ. ಆದೋನಿ, ಆಲೂರು, ರಾಯದುರ್ಗ ಆಂಧ್ರದ ಕಡೆ. ಒಂದೇ ಸಂತೆಗೆ ಹೋಗುತ್ತಿದ್ದವರ ನಡುವೆ, ಹೆಣ್ಣು ಕೊಟ್ಟು ತಂದ ಮನೆಗಳ ನಡುವೆ ರಾಜ್ಯದ ಗಡಿ ಬಂದು ಕೂತಿತು. ಮಡಕಶಿರಾದ ಕತೆಯೂ ಅಂಥದ್ದೇ. ಪಾವಗಡ, ಶಿರಾ, ಮಧುಗಿರಿ, ಗೌರಿಬಿದನೂರುಗಳ ಕಡೆಗೆ ಮುಖಮಾಡಿ ಕೂತ ಆ ಸೀಮೆಯಲ್ಲಿ ಅಮರಾಪುರ, ರೊಳ್ಳ, ಅಗಳಿ, ಗುಡಿಬಂಡೆಗಳ ಮನೆಮಾತು ಕನ್ನಡ, ಕಚೇರಿಯ ಮಾತು ತೆಲುಗು. 2022ರ ಏಪ್ರಿಲ್ 4ರಂದು ಇನ್ನೊಂದು ಗೆರೆ ಬಿತ್ತು. ಮಡಕಶಿರಾ ಅನಂತಪುರ ಜಿಲ್ಲೆಯಿಂದ ಹೊರಬಂದು ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಗೆರೆ ಎಳೆದವರು ಎಲ್ಲೋ ಇದ್ದರು. ಗೆರೆ ಬಿದ್ದದ್ದು ಇಲ್ಲಿ.

ಗೆರೆ ಅಳಿದಾಗ ಏನಾಗುತ್ತದೆ ಎಂಬುದನ್ನೂ ಈ ಸೀಮೆ ಕಂಡಿದೆ. ರಾಯದುರ್ಗದ ಬಡಗಣ ಮಗ್ಗುಲಿಗೆ, ಡಿ. ಹಿರೇಹಾಳ್ ಮಂಡಲದ ಓಬಳಾಪುರದ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಬಗೆದ ವರ್ಷಗಳು ನಿಮಗೆ ನೆನಪಿವೆ. ಬಗೆದು ಬಗೆದು ಕೊನೆಗೆ ಎರಡು ರಾಜ್ಯಗಳ ನಡುವಿನ ಗಡಿಗುರುತುಗಳೇ ಕಾಣದಾದವು. ದೇಶದ ಸರ್ವೇಕ್ಷಣಾ ಇಲಾಖೆ ಬಂದು ಎಲ್ಲೆಯನ್ನು ಮತ್ತೆ ಅಳೆಯಬೇಕಾಯಿತು. ಗಡಿಯಲ್ಲಿದ್ದ ಸುಗ್ಗಲಮ್ಮನ ಗುಡಿ 2006ರಲ್ಲಿ ಗಣಿಗೆ ಆಹುತಿಯಾಯಿತು. ದೇವರ ಎಲ್ಲೆಯೂ ಉಳಿಯಲಿಲ್ಲ, ರಾಜ್ಯದ ಎಲ್ಲೆಯೂ ಉಳಿಯಲಿಲ್ಲ. ಆ ದಿನಗಳಲ್ಲಿ ಲಾರಿಗಳ ಸಾಲು ಹಾದುಹೋದ ದಾರಿಯ ಮನೆಗಳಲ್ಲಿ ಅನ್ನದ ತಟ್ಟೆಯ ಮೇಲೂ ಕೆಂಧೂಳು ಕೂರುತ್ತಿತ್ತು, ಜೋಳದ ತೆನೆ ಕೆಂಪಾಗುತ್ತಿತ್ತು, ಮುದುಕರು ರಾತ್ರಿಯಿಡೀ ಕೆಮ್ಮುತ್ತಿದ್ದರು. ನ್ಯಾಯಾಲಯಗಳು ಅದಿರಿನ ಟನ್ನುಗಳನ್ನು ಎಣಿಸಿದವು. ಆ ಕೆಮ್ಮುಗಳನ್ನು ಎಣಿಸಿದವರು ಯಾರು?

ಇನ್ನು ಮಡಕಶಿರಾದ ಕಡೆ ಬನ್ನಿ. ಅಮರಾಪುರದ ಹತ್ತಿರ ಹೇಮಾವತಿ ಎಂಬ ಹಳ್ಳಿಯಿದೆ, ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು ಅದೇ. ಅಲ್ಲಿ ಸಾವಿರ ವರ್ಷ ದಾಟಿದ ಗುಡಿಗಳಿವೆ, ಕನ್ನಡದ ಶಾಸನಗಳಿವೆ. ನಮ್ಮ ಹಳೆಯ ದಾನಶಾಸನಗಳ ರೀತಿ ನಿಮಗೆ ಗೊತ್ತಿದೆ. ಭೂಮಿ ಕೊಟ್ಟರೆ ಅದರ ನಾಲ್ಕೂ ಎಲ್ಲೆಗಳನ್ನು ಹೇಳುತ್ತಿದ್ದರು: ಮೂಡಣಕ್ಕೆ ಯಾವ ಹಳ್ಳ, ತೆಂಕಣಕ್ಕೆ ಯಾವ ಹುಣಸೆ ಮರ, ಪಡುವಣಕ್ಕೆ ಯಾವ ಬಂಡೆ. ಊರಿನ ಜನ ಆಡುವ ಮಾತಿನಲ್ಲೇ ಕೆತ್ತಿಸಿ, ಸಾಕ್ಷಿಗಳನ್ನು ನಿಲ್ಲಿಸಿ, ಎಲ್ಲರೂ ಓಡಾಡುವ ಜಾಗದಲ್ಲಿ ಕಲ್ಲು ನೆಡುತ್ತಿದ್ದರು. ಆ ಎಲ್ಲೆಯನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ ಎಂದು ಬರೆಸುತ್ತಿದ್ದರು. ಎಲ್ಲೆ ಎಂಬುದು ಎಲ್ಲರಿಗೂ ಗೊತ್ತಿರಬೇಕಾದ, ಎಲ್ಲರೂ ಕಾಯಬೇಕಾದ ಧರ್ಮ ಎಂಬ ತಿಳಿವು ಆ ಕಲ್ಲುಗಳಲ್ಲಿದೆ. ಅದೇ ಹಳ್ಳಿಯ ರೈತನ ಹೊಲ ನಾಳೆ ಯಾವ ವಲಯಕ್ಕೆ ಬೀಳುತ್ತದೆ ಎಂಬುದನ್ನು ಹೇಳುವ ಕಾಗದ ಇವತ್ತು ದೂರದ ಕಚೇರಿಯೊಂದರಲ್ಲಿ, ಅವನ ಮನೆಮಾತಲ್ಲದ ಭಾಷೆಯಲ್ಲಿ, ಅವನಿಗೆ ಅರ್ಥವಾಗದ ಬಣ್ಣಗಳಲ್ಲಿ ಕೂತಿರುತ್ತದೆ. ಸಾವಿರ ವರ್ಷದ ಹಿಂದಿನ ಒಕ್ಕಲಿಗನಿಗೆ ತನ್ನ ಎಲ್ಲೆ ತನ್ನ ಮಾತಿನಲ್ಲಿ ಕೇಳಿಸುತ್ತಿತ್ತು. ಇವನಿಗೆ ಕೇಳಿಸುವುದು ಜೆಸಿಬಿಯ ಸದ್ದು ಹೊಲದ ಬದುವಿಗೆ ಬಂದಾಗ.

ಆ ಸೀಮೆಗೆ ಈಗ ಕೈಗಾರಿಕೆಗಳು ಬರುತ್ತಿವೆ. ಪೆನುಕೊಂಡದ ಬಳಿ ಕಿಯಾ ಕಾರುಗಳು ತಯಾರಾಗತೊಡಗಿ ವರ್ಷಗಳಾದವು. 2025ರಲ್ಲಿ ಮಡಕಶಿರಾದ ಕಡೆ ರಕ್ಷಣಾ ಸಾಮಗ್ರಿಯ ಕಾರ್ಖಾನೆಗಳಿಗೆ ಜಾಗ ಕೊಡುವ ತೀರ್ಮಾನಗಳಾದವು. ಬರಲಿ. ಮಳೆ ಕೈಕೊಟ್ಟ ವರ್ಷ ಶೇಂಗಾ ಬಳ್ಳಿಯಲ್ಲೇ ಒಣಗಿ, ಬೆಂಗಳೂರಿಗೆ ಗುಳೆ ಹೊರಡುವ ಹುಡುಗರನ್ನು ಕಂಡವರಾರೂ ಕೆಲಸ ಬೇಡ ಎನ್ನಲಾರರು. ಆದರೆ ಮಡಕಶಿರಾ ರೇಷ್ಮೆಯ ಸೀಮೆ. ರೇಷ್ಮೆಹುಳು ಎಷ್ಟು ಮೃದುವೆಂದರೆ ಸೊಪ್ಪಿನ ಮೇಲೆ ಔಷಧಿಯ ಸೋಂಕು ತಗುಲಿದ್ದರೂ ಸಾಯುತ್ತದೆ; ಹುಳು ಸಾಕುವ ಮನೆಯೊಳಗೆ ಹೆಂಗಸರು ಕೈತೊಳೆಯದೆ ಕಾಲಿಡುವುದಿಲ್ಲ. ಹಿಪ್ಪುನೇರಳೆ ತೋಟದ ಗಾಳಿಗೆ ಯಾವ ಧೂಳು ಬೆರೆಯುತ್ತದೆ ಎಂದು ನಕ್ಷೆ ಬರೆಯುವ ದಿನವೇ ಕೇಳಬೇಕಲ್ಲವೇ? ಹುಳು ಅರ್ಜಿ ಕೊಡಲಾರದು. ಸ್ಫೋಟಕದ ಕೆಲಸ ನಡೆಯುವ ಜಾಗಕ್ಕೂ ಜನರ ಮನೆಗೂ ನಡುವೆ ಕಾನೂನು ಹೇಳುವ ಸುರಕ್ಷತೆಯ ಅಂತರ ಉಳಿಯುತ್ತದೆಯೇ, ಇವತ್ತು ಬಯಲಾಗಿರುವ ಆ ಅಂತರದಲ್ಲಿ ನಾಳೆ ಯಾರೋ ಸೈಟು ಮಾಡಿ ಮಾರುತ್ತಾರೆಯೇ ಎಂದು ಯಾರಾದರೂ ಕೇಳಬೇಕಲ್ಲವೇ? ಅತ್ತ ಚಿಲಮತ್ತೂರು, ಗೋರಂಟ್ಲ ಮಂಡಲಗಳಲ್ಲಿ ಲೇಪಾಕ್ಷಿ ನಾಲೆಡ್ಜ್ ಹಬ್ ಎಂಬ ಹೆಸರಿನಲ್ಲಿ ರೈತರಿಂದ ಪಡೆದ 8,844 ಎಕರೆ ಬಹುಕಾಲ ಹೊಲವೂ ಆಗದೆ ಕಾರ್ಖಾನೆಯೂ ಆಗದೆ ಬಿದ್ದಿತ್ತು. ನಕ್ಷೆಯ ಬಣ್ಣ ಬದಲಾದ ಮಾತ್ರಕ್ಕೆ ಕೆಲಸ ಬರುವುದಿಲ್ಲ. ಬಣ್ಣ ಬದಲಾದ ದಿನವೇ ಕೂಲಿ ಮಾತ್ರ ಹೋಗುತ್ತದೆ.

ಗೊತ್ತಿದ್ದೂ ಸುಮ್ಮನಿದ್ದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಅದೇ ಆಂಧ್ರದ ವಿಶಾಖಪಟ್ಟಣದಲ್ಲಿ 1961ರಲ್ಲಿ ಪಾಲಿಮರ್ ಕಾರ್ಖಾನೆಯೊಂದು ಶುರುವಾದಾಗ ಅದು ನಗರದ ಹೊರಗಿತ್ತು. ನಗರ ಬೆಳೆಯಿತು, ಮನೆಗಳು ಕಾರ್ಖಾನೆಯ ಗೋಡೆಗೆ ಬಂದು ಒರಗಿದವು. ಯಾರೋ ಸೈಟು ಮಾಡಿದರು, ಯಾರೋ ಸಹಿ ಮಾಡಿದರು, ಯಾರೋ ಕೊಂಡರು, ನೋಡಿದವರೆಲ್ಲ ಮುಂದಕ್ಕೆ ನಡೆದರು. 2020ರ ಮೇ 7ರ ಬೆಳಗಿನ ಜಾವ, ಎಲ್ಲರೂ ಮಲಗಿದ್ದಾಗ, ಸ್ಟೈರೀನ್ ಎಂಬ ವಿಷಾನಿಲ ಆರ್.ಆರ್. ವೆಂಕಟಾಪುರದ ಬೀದಿಗಳಿಗೆ ಹರಿಯಿತು. ಕನಿಷ್ಠ 12 ಜೀವಗಳು ಹೋದವು. ಓಡುತ್ತ ಓಡುತ್ತ ರಸ್ತೆಯಲ್ಲೇ ಕುಸಿದುಬಿದ್ದವರ ಚಿತ್ರಗಳನ್ನು ನೀವು ಅಂದು ಮೊಬೈಲಿನಲ್ಲಿ ನೋಡಿ ಕಣ್ಣೊರೆಸಿಕೊಂಡಿರಿ. ಆ ಕಣ್ಣೀರು ನಿಜವಾದದ್ದು. ಅದು ಆ ರಾತ್ರಿಯ ಮುಂಚೆ ಹರಿಯಬೇಕಿತ್ತು, ಒಂದು ಆಕ್ಷೇಪಣೆಯ ಅರ್ಜಿಯಾಗಿ.

ಬಟ್ಟೆಯ ಬಣ್ಣದ ಕತೆ ಬೇಕೆಂದರೆ ತಿರುಪ್ಪೂರನ್ನು ನೋಡಿ. ಬನಿಯನ್ನು, ಟೀ ಶರ್ಟುಗಳಿಂದ ಲೋಕಪ್ರಸಿದ್ಧವಾದ ಆ ಊರಿನ ಬಣ್ಣದ ನೀರು ನೊಯ್ಯಲ್ ನದಿಗಿಳಿದು, ಹೊಲಗಳಿಗೆ ನೀರುಣಿಸಬೇಕೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟಿನಲ್ಲಿ ನಿಂತಿತು. ಆ ನೀರನ್ನೇ ರೈತರು ಬೇಡವೆನ್ನುವಂತಾಯಿತು. ಕೊನೆಗೆ 2011ರ ಜನವರಿಯಲ್ಲಿ ಮದರಾಸು ಹೈಕೋರ್ಟು ಬಣ್ಣದ ಘಟಕಗಳನ್ನೆಲ್ಲ ಮುಚ್ಚಲು ಹೇಳಿತು. ಅಲ್ಲಿ ಅಷ್ಟೋ ಇಷ್ಟೋ ಹರಿಯುವ ನದಿಯಿತ್ತು. ಇಲ್ಲಿ ಏನಿದೆ? ದೇಶದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆಗಳಲ್ಲಿ ಒಂದು ಅನಂತಪುರ. ಹಗರಿ ಎಂದು ನಾವು ಕರೆಯುವ ವೇದಾವತಿಗೆ ಗುಮ್ಮಗಟ್ಟದ ಬಳಿ ಭೈರವಾನಿತಿಪ್ಪದಲ್ಲಿ ಕಟ್ಟಿದ ಜಲಾಶಯ ತುಂಬಿದ ವರ್ಷಗಳನ್ನು ಹಿರಿಯರು ಬೆರಳೆಣಿಸಿ ಹೇಳುತ್ತಾರೆ. ಕೊಳೆಯನ್ನು ಕೊಚ್ಚಿಕೊಂಡು ಹೋಗಲು ಹೊಳೆ ಇಲ್ಲದ ನೆಲದಲ್ಲಿ ಸುರಿದದ್ದೆಲ್ಲ ಸುರಿದಲ್ಲೇ ಇಂಗುತ್ತದೆ. ಮಕ್ಕಳು ಕುಡಿಯಬೇಕಾದ ನೀರು ಇರುವುದೂ ಅದೇ ನೆಲದ ಒಳಗೆ.

ಹಾಗೆಂದು ಗೆರೆಯನ್ನು ಕತ್ತಿಯ ಹಾಗೆ ಬೀಸಬೇಡಿ. 1996ರಲ್ಲಿ ಸುಪ್ರೀಂ ಕೋರ್ಟು ದೆಹಲಿಯ ವಸತಿಗಳ ನಡುವಿನ 168 ಅಪಾಯಕಾರಿ ಕೈಗಾರಿಕೆಗಳನ್ನು ನಗರದಿಂದ ಹೊರಗೆ ಕಳಿಸಿತು. ಗಾಳಿಗಾಗಿ ಮಾಡಿದ ಆ ತೀರ್ಪಿನ ನೆರಳಿನಲ್ಲಿ ಸಾವಿರಾರು ಕೂಲಿಕಾರರು ಬೀದಿಗೆ ಬಿದ್ದರು. ಕೆಲಸದ ಜೊತೆಗೆ ಕೆಲಸಗಾರರಿಗೂ ದಾರಿ ತೋರಿಸಬೇಕು ಎಂದು ತೀರ್ಪು ಹೇಳಿದ್ದರೂ ಅದು ಅನೇಕರಿಗೆ ದಕ್ಕಲಿಲ್ಲ. ಆದ್ದರಿಂದ ರಾಯದುರ್ಗದ ನಡುಮನೆಯ ಹೊಲಿಗೆ ಯಂತ್ರಕ್ಕೆ ಯಾರೂ ಕೈ ಹಚ್ಚದಿರಲಿ. ಹೊಗೆ, ವಿಷ, ಕಿವಿಗಡಚಿಕ್ಕುವ ಸದ್ದು ಇಲ್ಲದ ಮನೆಕಸುಬಿಗೆ ವಸತಿಯ ಹಳದಿಯೊಳಗೂ ಜಾಗವಿರಲಿ. ಆಚೆಗೆ ಹೋಗಬೇಕಾದದ್ದು ತೊಟ್ಟಿ, ಬಾಯ್ಲರು, ನೀಲಿ ನೀರು. ಅವುಗಳಿಗೆ ಊರಾಚೆ ಒಂದು ಜಾಗ, ಆ ಜಾಗಕ್ಕೆ ನೀರು, ಕರೆಂಟು, ಎಲ್ಲರೂ ಸೇರಿ ಕೊಳೆನೀರು ಶುದ್ಧಮಾಡುವ ಒಂದು ಘಟಕ, ಅಲ್ಲಿ ದುಡಿಯುವ ಹುಡುಗರಿಗೆ ಹೋಗಿಬರಲು ಒಂದು ಬಸ್ಸು. ಒಳ್ಳೆಯ ಗೆರೆ ಜನರನ್ನು ಬೇರ್ಪಡಿಸುವುದಿಲ್ಲ. ಜನರಿಂದ ವಿಷವನ್ನು ಬೇರ್ಪಡಿಸುತ್ತದೆ.

ಈಗ ನಿಮ್ಮ ಕಡೆ ತಿರುಗುತ್ತೇನೆ. ನೀವು ಕೆಟ್ಟವರಲ್ಲ. ನಿಮ್ಮ ಹಳೆಯ ಶೆಡ್ಡನ್ನು ಬಾಡಿಗೆಗೆ ಕೇಳಿದವನು ಬಣ್ಣದ ಡ್ರಮ್ಮು ಇಳಿಸುವುದನ್ನು ಕಂಡಾಗ ನಿಮ್ಮ ಎದೆ ಒಂದು ಗಳಿಗೆ ಅಳುಕಿದ್ದು ನಿಜ. ತಿಂಗಳ ಬಾಡಿಗೆ ಆ ಅಳುಕನ್ನು ಮುಚ್ಚಿತು. ಕಾರ್ಖಾನೆಯ ಬೇಲಿಗೆ ಹತ್ತಿದ ಹೊಲವನ್ನು ಸೈಟು ಮಾಡಿ ಮಾರುವಾಗ ಕೊಳ್ಳುವ ಬಡವನ ಕಣ್ಣನ್ನು ನೀವು ನೋಡಲಿಲ್ಲ. ನೋಡಿದ್ದರೆ ಮಾರಲು ಆಗುತ್ತಿರಲಿಲ್ಲ. ನೀವು ಮೇಷ್ಟ್ರು, ಆ ಓಣಿಯ ಮಕ್ಕಳ ಕೆಮ್ಮನ್ನು ಹಾಜರಿ ಪುಸ್ತಕದಲ್ಲಿ ಕಂಡವರು. ನೀವು ಬಳ್ಳಾರಿಯ ವ್ಯಾಪಾರಿ, ಒಂದೊಂದು ಪ್ಯಾಂಟಿನ ಮೇಲೆ ಒಂದೆರಡು ರೂಪಾಯಿ ಹೆಚ್ಚು ಹೋದರೆ ನೀರು ಶುದ್ಧವಾಗುತ್ತದೆ ಎಂದು ಬಲ್ಲವರು. ನೀವು ಕಣೇಕಲ್ಲಿನಲ್ಲೋ ಬೊಮ್ಮನಹಾಳದಲ್ಲೋ ರೊಳ್ಳದಲ್ಲೋ ಕನ್ನಡ ಶಾಲೆಯಲ್ಲಿ ಓದಿ, ಬೆಂಗಳೂರಿನ ಒಳ್ಳೆಯ ಬಡಾವಣೆಯಲ್ಲಿ ಮನೆ ಮಾಡಿ, ನಿಮ್ಮ ಬೀದಿಯಲ್ಲಿ ಒಂದು ಗ್ಯಾರೇಜು ತೆರೆದರೂ ಸಂಘದ ಲೆಟರ್‌ಹೆಡ್ಡಿನಲ್ಲಿ ದೂರು ಬರೆಯುವವರು. ಅಲ್ಲಿ ನಿಮಗೆ ಗೆರೆಯ ಬೆಲೆ ಗೊತ್ತು. ನಿಮ್ಮ ಅವ್ವ ಇನ್ನೂ ಇರುವ ಊರಿನಲ್ಲಿ ಆ ಗೆರೆಯನ್ನು ಕಾಯುವವರು ಯಾರು? ಕಾರ್ಖಾನೆಯ ಪಕ್ಕದ ಗುಡಿಸಲಿನವಳಿಗೆ ನಕ್ಷೆ ಓದಲು ಬಾರದು, ಮೇಕೆಗೆ ನೀಲಿ ನೀರಿನ ಕೆಡುಕು ತಿಳಿಯದು, ಹುಟ್ಟದ ಮಗುವಿಗೆ ಸಹಿ ಇಲ್ಲ. ನಿಮಗೆ ಓದಲು ಬರುತ್ತದೆ. ನಿಮಗೆ ಸಹಿ ಇದೆ. ನಿಮಗೆ ಗೊತ್ತಿದೆ.

ನಾನು ಕೇಳುವುದು ತ್ಯಾಗವನ್ನಲ್ಲ, ಒಂದು ಹಾಳೆಯನ್ನು. ಮಾಸ್ಟರ್ ಪ್ಲಾನಿನ ಕರಡು ಹೊರಬಂದಾಗ ಆಕ್ಷೇಪಣೆ, ಸಲಹೆ ಕೊಡಿ ಎಂದು ಜನರನ್ನು ಕರೆಯಲೇಬೇಕು; ದೊಡ್ಡ ಗಣಿಗೆ, ದೊಡ್ಡ ಕಾರ್ಖಾನೆಗೆ ಪರಿಸರ ಅನುಮತಿ ಬೇಕಾದಾಗ, 2006ರ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮೊದಲೇ ತಿಳಿಸಿ ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು. ಆ ಕರೆ ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಬರುತ್ತದೆ, ಓಣಿಗೆ ತಲುಪುವುದಿಲ್ಲ, ಆಕ್ಷೇಪಣೆಗಳಿಲ್ಲ ಎಂದು ಕಡತ ಮುಚ್ಚುತ್ತದೆ. ಆದರೆ ನಮ್ಮ ಸಂವಿಧಾನದ 350ನೇ ವಿಧಿ ಇದೆ. ತನ್ನ ಕುಂದುಕೊರತೆಯನ್ನು ಯಾವುದೇ ಅಧಿಕಾರಿಗೆ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಬರೆದು ಕೊಡುವ ಹಕ್ಕು ಪ್ರತಿಯೊಬ್ಬರಿಗೂ ಇದೆ ಎಂದು ಅದು ಹೇಳುತ್ತದೆ. ರಾಯದುರ್ಗದಲ್ಲಿ, ಮಡಕಶಿರಾದಲ್ಲಿ ಕನ್ನಡ ಅಂಥ ಭಾಷೆ. ಆ ಹೆಣ್ಣುಮಗಳು ತನ್ನ ಸಂಕಟವನ್ನು ತನ್ನ ಮಾತಿನಲ್ಲೇ ಹೇಳಬಹುದು. ಬರೆಯುವ ಕೈ ಮಾತ್ರ ನಿಮ್ಮದಾಗಬೇಕು.

ಮುಂದಿನ ಸಲ ಊರಿಗೆ ಹೋದಾಗ ಪುರಸಭೆಗೆ, ನಗರ ಪಂಚಾಯಿತಿಗೆ ಒಂದು ಗಳಿಗೆ ಹೋಗಿ ನಕ್ಷೆ ತೋರಿಸಿ ಎಂದು ಕೇಳಿ. ಗುಡ್ಡ ಎಲ್ಲಿದೆ, ಹಳ್ಳ ಎಲ್ಲಿದೆ, ನೀವು ಓದಿದ ಶಾಲೆ ಎಲ್ಲಿದೆ ಎಂದು ಬೆರಳಿಟ್ಟು ಹುಡುಕಿ. ಆಮೇಲೆ ನೇರಳೆ ಬಣ್ಣದ ಅಂಚಿನಗುಂಟ ಬೆರಳು ಜಾರಿಸುತ್ತ ಹೋಗಿ. ಬೆರಳು ಎಲ್ಲಿ ಹಳದಿಯನ್ನು ಮುಟ್ಟುತ್ತದೋ ಆ ಜಾಗಕ್ಕೆ ಅದೇ ಸಂಜೆ ಕಾಲ್ನಡಿಗೆಯಲ್ಲಿ ಹೋಗಿ. ಅಲ್ಲೊಂದು ಬಾಗಿಲು ಇರುತ್ತದೆ. ಬಾಗಿಲು ತಟ್ಟಿ, ಒಳಗೆ ಕೂತು, ಅವರು ಕೊಟ್ಟ ನೀರು ಕುಡಿಯಿರಿ. ಕಿಟಕಿ ಯಾಕೆ ಮುಚ್ಚಿದ್ದೀರಿ ಎಂದು ಕೇಳಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಕನ್ನಡದಲ್ಲಿ ಬರೆದುಕೊಳ್ಳಿ, ಓದಿ ಹೇಳಿ, ಅವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು, ಕೆಳಗೆ ಸಾಕ್ಷಿಯಾಗಿ ನಿಮ್ಮ ಹೆಸರು ಬರೆಯಿರಿ. ಕಚೇರಿಯಲ್ಲಿ ಕೊಟ್ಟು ಸ್ವೀಕೃತಿಯ ಮೊಹರು ಪಡೆದುಕೊಳ್ಳಿ. ಹೇಮಾವತಿಯ ಸೀಮೆಯಲ್ಲಿ ಎಲ್ಲೆಗಲ್ಲಿಗೆ ಸಾಕ್ಷಿ ನಿಲ್ಲುವುದು ಹಳೆಯ ವಾಡಿಕೆ. ಇವತ್ತು ಸಾಕ್ಷಿ ನಿಲ್ಲುವ ಸರದಿ ನಿಮ್ಮದು. ಗೆರೆ ಯಾರ ಹೊಸ್ತಿಲ ಮೇಲೆ ಬಿದ್ದಿದೆ, ಹೋಗಿ ನೋಡಿ.